ವಿಡಿಯೋಗಿಂತ ಮೊದಲು ಬರುವ ಕೈ

ರೈಟರ್ ಅವರ ಬಲಗೈಯ ತೋರುಬೆರಳೂ ನಡುಬೆರಳೂ ಮೊದಲ ಗೆಣ್ಣಿಗೇ ನಿಂತುಹೋಗಿದ್ದವು. ತುದಿಯಲ್ಲಿ ಚರ್ಮ ನುಣ್ಣಗೆ ಗುಲಾಬಿ ಬಣ್ಣ. ಹೊಲಿಗೆ ಹಾಕಿದ ಕಡೆ ವೆಲ್ಡಿಂಗ್ ಗಂಟಿನ ಹಾಗೆ ಒಂದು ಗಂಟು. ಉಳಿದ ಬೆರಳುಗಳಲ್ಲಿ ಟೀ ಲೋಟ ಹಿಡಿಯುತ್ತಿದ್ದರು, ಹೆಬ್ಬೆರಳಲ್ಲಿ ಫೋನ್ ಒತ್ತುತ್ತಿದ್ದರು. ಪೆನ್ನು ಮಾತ್ರ ಎಡಗೈಗೆ ಹೋಗಿತ್ತು. ಆಲೂರು ಕಡೆಯ ಮಗ್ಗೆ ಊರಿನಿಂದ ಮೇಲಿನ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ಆಳುಗಳ ಹಾಜರಿ ಬರೆದ ಮನುಷ್ಯ ಅವರು. ಅದಕ್ಕೇ ಸುತ್ತಮುತ್ತಲವರೆಲ್ಲ ರೈಟರ್ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

ಆ ಎರಡು ಬೆರಳು ಹೋಗಿದ್ದು ನಾನು ಮಾಡಿದ ಮಷೀನಿನಲ್ಲಿ. ಮಷೀನಿನಲ್ಲಿ ಅಂದರೂ ಪೂರ್ತಿ ಸರಿಯಾಗುವುದಿಲ್ಲ. ನನ್ನ ವೆಬ್‌ಸೈಟಿನ ವಿಡಿಯೋ ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದು ಸಾಕಾಗಿ ಹೋಗಿದ್ದು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಾಳ್ಳುಪೇಟೆಯಲ್ಲಿ ಹೈವೇ ಪಕ್ಕ ಲಾರಿ ಬಾಡಿ ವೆಲ್ಡಿಂಗ್ ಮಾಡುತ್ತಾ ಶುರು ಮಾಡಿ, ಸ್ವಂತ ವರ್ಕ್‌ಶಾಪ್ ಕಟ್ಟಿದೆ. ಮೆಣಸಿನ ಗೊಂಚಲಿನಿಂದ ಕಾಳು ಬಿಡಿಸುವ ಮಷೀನನ್ನು ಯಾವ ಇಂಜಿನಿಯರನ್ನೂ ಕೇಳದೆ ನಾನೇ ತಲೆ ಓಡಿಸಿ ಮಾಡಿದೆ. ಮೇಲೆ ಗೊಂಚಲು ಸುರಿಯುವ ಬಾಯಿ, ಒಳಗೆ ಹಲ್ಲು ಹಲ್ಲಿನ ಡ್ರಮ್ಮು, ಕೆಳಗೆ ಜರಡಿ, ಪಕ್ಕದಲ್ಲಿ ಮೋಟಾರ್. ಹತ್ತು ಜನ ಕಾಲಲ್ಲಿ ತುಳಿದು ದಿನವಿಡೀ ಮಾಡುವ ಕೆಲಸವನ್ನು ಅದು ಊಟದ ಹೊತ್ತಿಗೆ ಮುಗಿಸುತ್ತಿತ್ತು. ಸಕಲೇಶಪುರದ ಕಡೆಯಿಂದಲೂ ಆಲೂರಿನ ಕಡೆಯಿಂದಲೂ ಬೆಳೆಗಾರರು ಹುಡುಕಿಕೊಂಡು ಬಂದರು. ನನ್ನ ತಲೆ ಸ್ವಲ್ಪ ತಿರುಗಿತು. ಸುಳ್ಳು ಯಾಕೆ ಹೇಳಲಿ.

ವೆಬ್‌ಸೈಟ್ ಬೇಕು ಅನ್ನಿಸಿದ್ದು ಆಗಲೇ. ಆಲೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಅಕ್ಕ ಒಬ್ಬರು ಕಂಪ್ಯೂಟರ್ ಬಲ್ಲವರು, ಅವರೇ ಸೈಟ್ ಮಾಡಿಕೊಟ್ಟರು. ವಿಡಿಯೋ ತೆಗೆಯಲು ಮದುವೆ ವಿಡಿಯೋದವರನ್ನು ಕರೆಸಿದೆ. ಡ್ರೋನ್ ಹಾರಿಸಿ ಗುಡ್ಡಗಳನ್ನು ತೆಗೆದರು. ಆಮೇಲೆ ಬಂಗಾರದ ಅಕ್ಷರದಲ್ಲಿ ನನ್ನ ಹೆಸರು ತಿರುಗುತ್ತಾ ಬರುತ್ತಿತ್ತು. ಆಮೇಲೆ ಆಯುಧ ಪೂಜೆಯ ದಿನ ಮಷೀನಿಗೆ ಹಾರ ಹಾಕಿದ್ದು, ನಾನು ಬಿಳಿ ಶರ್ಟಿನಲ್ಲಿ ಕೈಮುಗಿದು ನಿಂತಿದ್ದು. ಮಷೀನಿನ ಬಾಯಿ ಕಟ್ಟಿಕೊಂಡರೆ ಏನು ಮಾಡಬೇಕು ಅನ್ನುವ ಮಾತು ಬರುವ ಹೊತ್ತಿಗೆ ಆರು ನಿಮಿಷ ಆಗಿರುತ್ತಿತ್ತು.

"ಅಣ್ಣ, ಫೈಲ್ ತುಂಬಾ ಭಾರ ಐತೆ," ಅಂದಿದ್ದರು ಅಕ್ಕ.

"ಭಾರ ಇರ್ಲಿ ಬಿಡಕ್ಕ," ಅಂದಿದ್ದೆ. ನಮ್ಮ ಕಬ್ಬಿಣದ ಕೆಲಸದಲ್ಲಿ ಭಾರ ಅಂದರೆ ಗಟ್ಟಿ. ಹಗುರ ಇದ್ದರೆ ಗಿರಾಕಿ ಬೆರಳಲ್ಲಿ ತಟ್ಟಿ ನೋಡಿ, ತೆಳು ತಗಡು ಹಾಕಿದಾನೆ ಅಂತ ಬೈಯುತ್ತಾನೆ. ವಿಡಿಯೋ ಕೂಡ ಹಾಗೇ ಅಂದುಕೊಂಡಿದ್ದೆ. ಮುಖಪುಟದಲ್ಲಿ ಅಂಥವು ಮೂರು ಇದ್ದವು. ಸೈಟ್ ತೆರೆದ ಕೂಡಲೇ ಮೂರೂ ತಾವಾಗಿಯೇ ಓಡಬೇಕು ಅಂತ ಹಟ ಹಿಡಿದು ಮಾಡಿಸಿದ್ದೆ. ಅಲ್ಲಿಂದ ಮುಂದೆ ಮಷೀನ್ ಕೊಡುವಾಗ ಬಾಯಲ್ಲಿ ವಿವರ ಹೇಳುವುದನ್ನೂ ನಿಲ್ಲಿಸಿದೆ. "ಎಲ್ಲಾ ಸೈಟಲ್ಲಿ ಐತೆ, ನೋಡ್ಕೊಳಿ." ಮಷೀನಿನ ಬಾಯಿಯ ಪಕ್ಕ ಒಂದು ಹಿತ್ತಾಳೆ ತಗಡು ಹೊಡೆದು, ಅದರ ಮೇಲೆ ನನ್ನ ಹೆಸರು ಮತ್ತು ಸೈಟಿನ ವಿಳಾಸ ಕೊರೆಸಿದ್ದೆ.

ರೈಟರ್ ಮೊದಲ ಸಲ ಬಂದಾಗ ನಾನು ಅವರ ಕೈ ನೋಡಲೇ ಇಲ್ಲ. ಬಸ್ಸಿಳಿದು ಬಂದಿದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಜೇಬಲ್ಲಿ ಎರಡು ಪೆನ್ನು, ಎಡ ಹೆಗಲಿಗೆ ಬಟ್ಟೆ ಚೀಲ. ಬಲಗೈ ಆ ಚೀಲದ ಬಾಯೊಳಗೇ ಇತ್ತು. ಎಲೆ ಅಡಿಕೆ ಹುಡುಕುತ್ತಿದ್ದಾರೆ ಅಂದುಕೊಂಡೆ.

"ನೀವೇನಾ ಮೆಣಸಿನ ಮಷೀನ್ ಯಜಮಾನ್ರು?"

"ಹೌದು, ಹೇಳಿ."

"ನಾನು ಮಗ್ಗೆ ಮೇಲಿನ ಎಸ್ಟೇಟಿನ ರೈಟರು. ನಿಮ್ ವಿಡಿಯೋ ಓಪನ್ ಆಗಲ್ಲ ಕಣ್ರೀ."

ನನಗೆ ನಗು ಬಂತು. ವರ್ಕ್‌ಶಾಪಿಗೆ ಹೊಸದಾಗಿ ವೈಫೈ ಹಾಕಿಸಿದ್ದೆ. ಫೋನ್ ತೆಗೆದು ಅವರ ಮುಖದ ಮುಂದೆ ಹಿಡಿದೆ. "ನೋಡಿ, ಹೆಂಗೆ ಓಡ್ತೈತೆ. ನೀರು ಹರ್ದಂಗೆ."

"ಇಲ್ಲಿ ಓಡ್ತೈತೆ. ಮಷೀನ್ ಇರೋದು ನಮ್ ಕಣದಲ್ಲಿ."

"ನಿಮ್ ಫೋನ್ ಹಳೇದಾಗೈತೆ ರೈಟ್ರೇ. ಒಂದ್ ಒಳ್ಳೇ ಫೋನ್ ತಗೊಳಿ."

"ತಗೋಬೌದು," ಅಂದರು. ನಾನು ತರಿಸಿದ ಟೀಯನ್ನು ಎಡಗೈಯಲ್ಲೇ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಒಂದು ವಾರ ಬಿಟ್ಟು ಮತ್ತೆ ಬಂದರು. ಈ ಸಲ ಒಂದು ಹಾಳೆ ಚಾಚಿದರು. ಅಕ್ಷರ ಒಂದೊಂದೂ ಒಂದೊಂದು ದಿಕ್ಕಿಗೆ ಬಿದ್ದಿದ್ದವು. ಓದಿದೆ: "ಒಂದು ಹಾಜರಿ ಪೂರ್ತಿ: ಏನೂ ಇಲ್ಲ. ಎರಡನೇ ಹಾಜರಿ, ದ್ಯಾವಮ್ಮ: ಗುಡ್ಡ. ಮೂರನೇ ಹಾಜರಿ, ರಂಗಯ್ಯ: ನಿಮ್ಮ ಹೆಸರು. ಆಮೇಲೆ ಬರೀ ಚಕ್ರ."

"ಏನಿದು?"

"ನಾನು ಹೆಸ್ರು ಕೂಗಿ ಹೊತ್ತು ಅಳೀತೀನಿ. ನಮ್ ಎಸ್ಟೇಟಲ್ಲಿ ಇಪ್ಪತ್ತೆರಡು ಆಳು. ಲಚ್ಚಮ್ಮನಿಂದ ಶುರು. ಗಡಿಯಾರ ನೋಡೋದಕ್ಕಿಂತ ಅದೇ ಅಭ್ಯಾಸ ಆಗ್ಬುಟ್ಟೈತೆ."

ಗಿರಾಕಿಗಳ ಮುಂದೆ ನನ್ನ ಕೆಲಸದಲ್ಲಿ ಕೊರತೆ ಬರೆದುಕೊಂಡು ಬಂದಿದ್ದಾರೆ ಅಂತ ನನಗೆ ರೇಗಿತು. ಏನಾದರೂ ಚುಚ್ಚಲೇಬೇಕು ಅನ್ನಿಸಿತು. "ರೈಟರ್ ಅಂತೀರಾ, ಅಕ್ಷರ ನೋಡಿದ್ರೆ ಒಂದ್ನೇ ಕ್ಲಾಸ್ ಮಗು ಬರ್ದಂಗೈತೆ!"

ಅಲ್ಲಿದ್ದವರು ನಕ್ಕರು. ಅವರೂ ನಕ್ಕರು. "ಹೊಸ ಕೈ ಮಾರಾಯ್ರೇ. ಈಗ ಕಲೀತಾ ಐತೆ," ಅಂದರು.

ಆ ಮಾತು ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ನಾನು ನಿಲ್ಲಲೂ ಇಲ್ಲ. ಹೊರಡುವಾಗ ಅವರು, "ಒಂದ್ಸಲ ಮೇಲಕ್ಕೆ ಬನ್ನಿ. ಮಷೀನ್ ಬಾಯಿ ಕಟ್ಟೈತೆ," ಅಂದರು.

"ಅದನ್ನ ಮೊದ್ಲೇ ಹೇಳ್ಬಾರ್ದಾ?" ಅಂದೆ. ವಿಡಿಯೋ ನಿಂತರೆ ಬೇರೆಯವರ ತಪ್ಪು, ಮಷೀನ್ ನಿಂತರೆ ನನ್ನ ಮಾನದ ಪ್ರಶ್ನೆ. ಮಾರನೇ ದಿನ ಬೆಳಿಗ್ಗೆಯೇ ಸ್ಪ್ಯಾನರ್ ಪೆಟ್ಟಿಗೆ ಬೈಕಿಗೆ ಕಟ್ಟಿಕೊಂಡು ಹೋದೆ.

ಕಣದಲ್ಲಿ ಮೆಣಸು ಒಣಗುತ್ತಿತ್ತು. ಆಳುಗಳು ಗೊಂಚಲುಗಳನ್ನು ಕಾಲಲ್ಲಿ ತುಳಿದು ಕಾಳು ಬಿಡಿಸುತ್ತಿದ್ದರು, ನನ್ನ ಮಷೀನ್ ಇಲ್ಲದ ಕಾಲದಲ್ಲಿ ಮಾಡುತ್ತಿದ್ದ ಹಾಗೆಯೇ. ಮಷೀನ್ ಸ್ಟೋರಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಚೀಲ ತೆಗೆಯಲು ಹೋದೆ.

"ತಡೀರಿ," ಅಂದರು ರೈಟರ್. "ಮೊದ್ಲು ಇಲ್ಲಿ ಬಂದು ನಿಮ್ ಫೋನಲ್ಲೇ ವಿಡಿಯೋ ಹಾಕಿ."

ಕಣದ ತುದಿಯಲ್ಲಿ ನೀರಿನ ತೊಟ್ಟಿ. ಎಸ್ಟೇಟಿಗೆಲ್ಲ ಸಿಗ್ನಲ್ ಬರುವುದು ಆ ತೊಟ್ಟಿಯ ಒಂದು ಮೂಲೆಯಲ್ಲಿ ಮಾತ್ರ, ಅದೂ ಒಂದೇ ಕಡ್ಡಿ. ತೊಟ್ಟಿಯ ಅಂಚಿನ ಮೇಲೆ ಆಳುಗಳ ಫೋನುಗಳು ಸಾಲಾಗಿ ಕೂತಿದ್ದವು. ನಾನು ನನ್ನ ಹೊಸ ಫೋನ್ ಹಿಡಿದು ಸೈಟ್ ತೆರೆದೆ. ಚಕ್ರ ತಿರುಗಿತು. ರೈಟರ್ ಪಕ್ಕದಲ್ಲಿ ನಿಂತು ಹಾಜರಿ ಶುರು ಮಾಡಿದರು. "ಲಚ್ಚಮ್ಮ. ದ್ಯಾವಮ್ಮ. ಸಣ್ಣಮ್ಮ. ಪುಟ್ಟಯ್ಯ..." ಹೆಸರು ಕೇಳಿ ಆಳುಗಳು ತಲೆ ಎತ್ತಿ ನೋಡಿದರು. ಇಪ್ಪತ್ತೆರಡೂ ಮುಗಿಯಿತು. ಮತ್ತೆ ಲಚ್ಚಮ್ಮನಿಂದ.

ಕೊನೆಗೆ ಗುಡ್ಡ ಬಂತು. ನಾನು ಉಸಿರು ಬಿಟ್ಟೆ.

ಲಚ್ಚಮ್ಮ ಅನ್ನುವ ಹೆಂಗಸು, ಐವತ್ತು ದಾಟಿದವಳು, ಬಂದು ನನ್ನ ಫೋನಿಗೆ ಇಣುಕಿದಳು. "ಅಯ್ಯೋ, ಈ ಗುಡ್ಡ ನೋಡಕ್ಕೆ ಫೋನ್ ಯಾಕೆ ಯಜಮಾನ್ರೇ? ಕತ್ತೆತ್ತಿದ್ರೆ ಕಾಣುತ್ತೆ." ಎಲ್ಲರೂ ಗೊಳ್ಳೆಂದು ನಕ್ಕರು. ನಿಜವಾಗಿಯೂ ಅದೇ ಗುಡ್ಡ, ನನ್ನ ಬೆನ್ನ ಹಿಂದೆಯೇ ಇತ್ತು. ಮೂರನೇ ಹಾಜರಿಯ ನಡುವೆ ನನ್ನ ಹೆಸರು ಅರ್ಧ ತಿರುಗಿ ನಿಂತಿತು. ಅಲ್ಲಿಗೆ ಮುಗಿಯಿತು. ಬರೀ ಚಕ್ರ.

"ಆವತ್ತು ಇಷ್ಟೊತ್ತಿಗೆ ನಂಗೆ ಸಾಕಾಯ್ತು," ಅಂದರು ರೈಟರ್. "ಕೈ ಹಾಕ್ದೆ."

ಚೀಲದಿಂದ ಬಲಗೈಯನ್ನು ಹೊರಗೆ ತೆಗೆದು ತೊಟ್ಟಿಯ ಅಂಚಿನ ಮೇಲೆ, ಆ ಫೋನುಗಳ ಪಕ್ಕ ಇಟ್ಟರು.

ನಾನು ಏನು ನೋಡುತ್ತಿದ್ದೇನೆ ಅಂತ ನನಗೆ ತಿಳಿಯಲಿಲ್ಲ. ಬೆರಳು ಮಡಚಿದ್ದಾರೆ ಅಂದುಕೊಂಡೆ. ಮಡಚಿರಲಿಲ್ಲ. ಕಬ್ಬಿಣದ ಕೆಲಸದಲ್ಲಿ ಗಾಯ ನೋಡದವನೇನಲ್ಲ ನಾನು. ಆದರೂ ಕಣದಲ್ಲಿ ಮೆಣಸಿನ ಮೇಲೆಯೇ ಕೂತುಬಿಟ್ಟೆ.

ನಡೆದದ್ದನ್ನು ಲಚ್ಚಮ್ಮ ಹೇಳಿದಳು. ಮಷೀನಿನ ಬಾಯಲ್ಲಿ ತೊಟ್ಟುಗಳು ಸಿಕ್ಕಿಕೊಂಡಿದ್ದವು. ಅಷ್ಟರಲ್ಲೇ ಕರೆಂಟ್ ಹೋಯಿತು, ಡ್ರಮ್ಮು ನಿಂತಿತು. ನಿಂತ ಮಷೀನ್ ಏನು ಮಾಡೀತು ಅಂತ ಲಚ್ಚಮ್ಮ ಕೈ ಹಾಕಲು ಹೋದಳು. "ನಾನು ಹಾಕೇಬುಟ್ಟಿದ್ದೆ ಅನ್ಕೊಳಿ. ಇವ್ರು ನನ್ ಕೈ ಹಿಡಿದು ಎಳುದ್ರು. ತಡಿಯಮ್ಮ, ಮಾಡ್ದವ್ರು ಏನ್ ಹೇಳವ್ರೆ ನೋಡಿ ಮಾಡಾಣ ಅಂದ್ರು. ಆ ತಗಡು ನೋಡ್ಕೊಂಡು ಈ ತೊಟ್ಟಿ ಮೂಲೆಗೆ ಬಂದು ಫೋನಲ್ಲಿ ಒತ್ತುದ್ರು. ಎಷ್ಟೊತ್ತು ನಿಂತಿದ್ರು ಅಂತೀರಾ! ನಾವೆಲ್ಲ ಕೆಲ್ಸ ಬಿಟ್ಟು ನಿಂತಿದ್ವಿ. ಕೊನೆಗೆ, ನೀವೆಲ್ಲ ದೂರ ನಿಲ್ರಿ, ನಾನೇ ತೆಗೀತೀನಿ ಅಂದ್ರು. ಕೈ ಹಾಕುದ್ರು. ಕರೆಂಟ್ ಬಂದ್ಬುಡ್ತು."

ಸ್ವಿಚ್ ಆನ್ ಆಗಿಯೇ ಇತ್ತು. ಕರೆಂಟ್ ಹೋದರೂ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಕೈ ಹಾಕಿ. ಈ ಒಂದು ಮಾತು ನನ್ನ ವಿಡಿಯೋದಲ್ಲಿ ಇತ್ತು. ಆರು ನಿಮಿಷದ ಮೇಲೆ. ಗುಡ್ಡ, ಬಂಗಾರದ ಹೆಸರು, ಹಾರ, ಬಿಳಿ ಶರ್ಟು ಎಲ್ಲ ದಾಟಿದ ಮೇಲೆ.

ಒಳ್ಳೇ ಫೋನ್ ತಗೊಳಿ ಅಂದಿದ್ದೆ. ಅಕ್ಷರ ನೋಡಿ ನಕ್ಕಿದ್ದೆ.

ರೈಟರ್ ಗೋಣಿಚೀಲ ಸರಿಸಿ ಹಿತ್ತಾಳೆ ತಗಡನ್ನು ಆ ಮೋಟು ಬೆರಳಿನಿಂದಲೇ ಮುಟ್ಟಿ ತೋರಿಸಿದರು. "ಇಲ್ಲಿ ಇಷ್ಟು ಜಾಗ ಇತ್ತಲ್ಲ ಮಾರಾಯ. ನಿನ್ ಹೆಸ್ರು ಬರ್ಸಿದ್ದೀಯ."

ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡುತ್ತಿದ್ದವರು ಆಗ ಏಕವಚನಕ್ಕೆ ಇಳಿದರು. ಆಮೇಲೆ ಕೊನೆಯವರೆಗೂ ಹಾಗೇ ಮಾತಾಡಿದರು. ನನಗೆ ಅದು ಬೇಕಾಗಿತ್ತು ಅನ್ನಿಸುತ್ತದೆ.

"ಬೈಯಿರಿ ರೈಟ್ರೇ. ಹೊಡೀರಿ," ಅಂದೆ.

"ಹೊಡುದ್ರೆ ಬೆರಳು ಬೆಳೀತಾವಾ? ಅದು ಬುಡು. ಇಂಥ ಮಷೀನ್ ಇನ್ನೆಷ್ಟು ಕಡೆ ಕೊಟ್ಟಿದ್ದೀಯ?"

"ಇದು ಬಿಟ್ಟು ಮೂವತ್ತು."

ಅವರು ಗುಡ್ಡದ ಕಡೆ ನೋಡಿದರು. "ಮೂವತ್ತು ಕಣ. ಒಂದೊಂದ್ರಲ್ಲೂ ಒಬ್ಬ ಲಚ್ಚಮ್ಮ ಇರ್ತಾಳೆ. ಮೆಣಸು ಕೊಯ್ಲು ಇನ್ನೂ ಮುಗ್ದಿಲ್ಲ. ಬೇಗ ಏನಾರ ಮಾಡು."

ಅವರು ಎರಡು ಸಲ ಬಸ್ ಹತ್ತಿ ಬಂದದ್ದು ಇದಕ್ಕೆ. ತಮ್ಮ ಬೆರಳಿನ ಸುದ್ದಿ ಎತ್ತಿದರೆ ನಾನು ಜಗಳಕ್ಕೆ ನಿಂತು ವಿಡಿಯೋ ಮಾತು ಕೇಳುವುದಿಲ್ಲ ಅಂತ ಕೈಯನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ಬಂದಿದ್ದರು. ನನ್ನ ಸ್ವಭಾವವನ್ನು ಮುಖ ನೋಡುವ ಮೊದಲೇ, ಆ ತಗಡಿನ ಮೇಲಿನ ಹೆಸರಿನಲ್ಲೇ ಅಳೆದುಬಿಟ್ಟಿದ್ದರು.

ಅದೇ ತೊಟ್ಟಿಯ ಮೂಲೆಯಲ್ಲಿ ನಿಂತು ಒಬ್ಬೊಬ್ಬ ಗಿರಾಕಿಗೂ ಫೋನ್ ಮಾಡಿದೆ. ಕರೆಂಟ್ ಹೋದಾಗ ಬಾಯಿ ಕಟ್ಟಿಕೊಂಡರೆ ಏನು ಮಾಡುತ್ತೀರಿ ಅಂತ ಕೇಳಿದೆ. "ಕೈ ಹಾಕಿ ತೆಗೀತೀವಿ. ಕರೆಂಟ್ ಹೋದಾಗ್ಲೇ ಅನುಕೂಲ ಕಣ್ರೀ, ಮಷೀನ್ ನಿಂತಿರುತ್ತಲ್ಲ," ಅಂದರು ಒಬ್ಬರು. ಇನ್ನೊಬ್ಬರು ಅದನ್ನೇ ಹೇಳಿದರು. ಮತ್ತೊಬ್ಬರೂ. ನನ್ನ ಮೂವತ್ತು ಮಷೀನುಗಳು ಈ ಗುಡ್ಡಗಳಲ್ಲಿ ಬಾಯಿ ತೆರೆದುಕೊಂಡು ಕರೆಂಟಿಗಾಗಿ ಕಾಯುತ್ತಾ ಕೂತಿದ್ದವು. ಹದಿನೇಳು ಜನ ಸಿಕ್ಕಿದರು, ಅವರಿಗೆಲ್ಲ ಮೊದಲು ಸ್ವಿಚ್, ಪ್ಲಗ್ ಅಂತ ಬಾಯಲ್ಲೇ ಹೇಳಿದೆ. ಉಳಿದವರ ಫೋನ್ ಸಿಗಲಿಲ್ಲ.

ಕರೆಂಟ್ ಬಂದರೂ ತಾನಾಗಿ ತಿರುಗದಂಥ ಸ್ಟಾರ್ಟರನ್ನು ಎಲ್ಲ ಮಷೀನಿಗೂ ಹಾಕಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ. ಆದರೆ ಒಂದೊಂದು ಎಸ್ಟೇಟಿಗೂ ಹೋಗಿ ಹಾಕಿ ಮುಗಿಸಲು ವಾರಗಳೇ ಬೇಕು. ಆ ದಿನವೇ ಎಲ್ಲ ಗುಡ್ಡ ಹತ್ತಬಲ್ಲದ್ದು ವಿಡಿಯೋ ಒಂದೇ.

ಬೈಕಿನಲ್ಲಿ ರೈಟರನ್ನು ಹಿಂದೆ ಕೂರಿಸಿಕೊಂಡು ಆಲೂರಿಗೆ ಬಂದೆ. ಅಕ್ಕ ಜೆರಾಕ್ಸ್ ಮಾಡುತ್ತಿದ್ದವರು ರೈಟರ್ ಕೈ ನೋಡಿ, ನಡೆದದ್ದು ಕೇಳಿ ಮಷೀನಿನ ಮುಚ್ಚಳ ಹಾಕುವುದನ್ನೇ ಮರೆತರು. "ಭಾರ ಐತೆ ಅಂತ ನಾನು ಹೇಳಿದ್ದೆ ಅಣ್ಣ," ಅಂದರು, ಅಳು ಬಂದವರ ಹಾಗೆ.

ಮೂರು ವಿಡಿಯೋ ಒಟ್ಟಿಗೆ ಓಡುವುದನ್ನು ಮೊದಲು ನಿಲ್ಲಿಸಿದರು. "ಒಂದೇ ಪೈಪಿಗೆ ಮೂರು ನಲ್ಲಿ ತೆಗ್ದಂಗೆ ಅಣ್ಣ, ಯಾವುದ್ರಲ್ಲೂ ನೀರು ಬರಲ್ಲ." ಯಾರಾದರೂ ಒತ್ತಿದರೆ ಮಾತ್ರ, ಒತ್ತಿದ ಒಂದು ಮಾತ್ರ ಬರುವ ಹಾಗೆ ಮಾಡಿದರು. ಆಮೇಲೆ ಕತ್ತರಿ. ಗುಡ್ಡ ಹೋಯಿತು. ಹಾರ ಹೋಯಿತು. ಬಂಗಾರದ ಅಕ್ಷರದ ಹತ್ತಿರ ಬಂದಾಗ ಅಕ್ಕ ನನ್ನ ಮುಖ ನೋಡಿದರು. "ತೆಗೀರಿ," ಅಂದೆ. ಉಳಿದದ್ದು ಅರ್ಧ ನಿಮಿಷ: ಸ್ವಿಚ್, ಪ್ಲಗ್, ಆಮೇಲೆ ಕೈ. ಚಿಕ್ಕ ಫೋನಿಗೆ ಸಾಕಾಗುವಷ್ಟೇ ಚಿತ್ರದ ಅಳತೆ ಇಳಿಸಿದರು. ಹಿನ್ನೆಲೆ ಸಂಗೀತ ಕಿತ್ತು ಮಾತು ಮಾತ್ರ ಬಿಟ್ಟರು. ನೂರು ಕೇಜಿ ಮಷೀನನ್ನು ಜೇಬಲ್ಲಿ ಇಟ್ಟುಕೊಳ್ಳುವ ಹಾಗೆ ಮಾಡಿದರು ಅನ್ನಿಸಿತು.

ಮತ್ತೆ ತೊಟ್ಟಿಯ ಮೂಲೆ. ಒತ್ತಿದೆವು. "ಲಚ್ಚಮ್ಮ, ದ್ಯಾವಮ್ಮ, ಸಣ್ಣಮ್ಮ..." ಹನ್ನೆರಡು ಹೆಸರು ಆದರೂ ಕಪ್ಪು. ಹದಿನೈದನೇ ಹೆಸರಿಗೆ ಥಟ್ಟನೆ ಪೂರ್ತಿ ಓಡಿತು. ನಾನು ಕುಣಿಯುವುದೊಂದು ಬಾಕಿ. ರೈಟರ್ ತಲೆ ಅಲ್ಲಾಡಿಸಿದರು.

"ಹದಿನೈದು ಹೆಸ್ರು ಯಾರು ಕಾಯ್ತಾರೆ? ನಾನು ಕಾಯೋನು, ಬೇರೆಯೋರು ಕಾಯಲ್ಲ. ಲಚ್ಚಮ್ಮ ಅನ್ನೋಷ್ಟರಲ್ಲಿ ಬರ್ಬೇಕು."

ಅಕ್ಕ ಫೋನಿನಲ್ಲಿ ಕೇಳಿಸಿಕೊಂಡು ಹುಡುಕಿದರು. ಚಿಕ್ಕದು ಮಾಡುವಾಗ ಒಂದು ಎಡವಟ್ಟು ಆಗಿತ್ತು. ಯಾವ ದೃಶ್ಯ ಎಲ್ಲಿದೆ ಅನ್ನುವ ಪಟ್ಟಿ ಪ್ರತಿ ವಿಡಿಯೋ ಫೈಲಿನಲ್ಲೂ ಇರುತ್ತದಂತೆ. ನಮ್ಮದರಲ್ಲಿ ಆ ಪಟ್ಟಿ ಕೊನೆಗೆ ಹೋಗಿ ಕೂತಿತ್ತು. ಫೈಲು ಪೂರ್ತಿ ಇಳಿಯುವವರೆಗೆ ಫೋನಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ನನಗೆ ಅದು ತಲೆಗೆ ಹೋಗಲಿಲ್ಲ. ರೈಟರ್‌ಗೆ ತಕ್ಷಣ ಹೋಯಿತು. "ಹಾಜರಿ ಪುಸ್ತಕದಲ್ಲಿ ಹೆಸ್ರಿನ ಪಟ್ಟಿ ಕೊನೇ ಹಾಳೇಲಿ ಇದ್ದಂಗೆ. ಅದ್ನ ಮುಂದಕ್ಕೆ ಅಂಟ್ಸವ್ವ," ಅಂದರು. ಅಕ್ಕ ಮುಂದಕ್ಕೆ ತಂದರು. ಆವತ್ತು ಸಣ್ಣಮ್ಮನ ಹೆಸರು ಬರುವ ಹೊತ್ತಿಗೆ ವಿಡಿಯೋ ಶುರುವಾಯಿತು. ಮೂರೇ ಹೆಸರು.

ಆದರೂ ರೈಟರ್ ಒಪ್ಪಲಿಲ್ಲ. "ಸಿಗ್ನಲ್ ಪೂರ್ತಿ ಕೆಟ್ಟ ದಿನ ಏನ್ ಮಾಡ್ತೀಯ?"

ಮತ್ತೆ ಇಬ್ಬರೂ ಅಕ್ಕನ ಅಂಗಡಿಗೆ ಹೋದೆವು. ವಿಡಿಯೋ ಶುರುವಾಗುವ ಮೊದಲು ಆ ಜಾಗದಲ್ಲಿ ಒಂದು ಫೋಟೋ ಕೂರಿಸಬಹುದು, ಅದು ತುಂಬ ಹಗುರ, ಮೊದಲು ಅದೇ ಬರುತ್ತದೆ ಅಂದರು ಅಕ್ಕ. ಯಾವ ಫೋಟೋ? ಮಷೀನಿನದು ಅಂದೆ ನಾನು. ಪ್ಲಗ್ಗಿನದು ಅಂದರು ಅಕ್ಕ.

ರೈಟರ್ ಎದ್ದು, ಗೋಡೆಯ ಪ್ಲಗ್ಗನ್ನು ಕಿತ್ತು, ಬಲಗೈಯಲ್ಲಿ ಹಿಡಿದು ನಿಂತರು. "ತೆಗಿ," ಅಂದರು.

"ಬ್ಯಾಡ ರೈಟ್ರೇ," ಅಂದೆ.

"ಬೇರೆ ಯಾರ್ ಕೈ ಹಾಕ್ತೀಯ? ಓದಕ್ಕೆ ಬರ್ದೇ ಇರೋರ್ಗೂ ಬೇಗ ಅರ್ಥ ಆಗ್ಬೇಕು. ಇದ್ರಷ್ಟು ಬೇಗ ಅರ್ಥ ಆಗೋ ಕೈ ಸಿಗಲ್ಲ ಕಣೋ."

ನನ್ನ ಗಿರಾಕಿಗಳಲ್ಲಿ ಕೆಲವರು ಆ ಫೋಟೋ ನೋಡಿ ಬೆಚ್ಚಿ ಫೋನ್ ಮಾಡಿದರು. ಇಂಥದ್ದನ್ನು ಹಾಕಿದರೆ ಯಾರು ಮಷೀನ್ ತಗೋತಾರೆ ಅಂತ ನನ್ನ ಹೆಂಡತಿಯೂ ಕೇಳಿದಳು. ನಾನು ತೆಗೆಯಲಿಲ್ಲ. ಒಂದೊಂದು ಎಸ್ಟೇಟಿಗೂ ಹೋಗಿ ಹೊಸ ಸ್ಟಾರ್ಟರ್ ಹಾಕಿದೆ, ಮಷೀನಿನ ಹಳೇ ತಗಡುಗಳನ್ನೂ ಕಿತ್ತೆ. ಹೊಸ ತಗಡಿನ ಮೇಲೆ ರೈಟರ್ ಎಡಗೈಯಲ್ಲಿ ಬರೆದುಕೊಟ್ಟ ಅಕ್ಷರವನ್ನು ಹಾಗೆಯೇ ಕೊರೆದೆ: "ಸ್ವಿಚ್ ಆಫ್. ಪ್ಲಗ್ ಕೀಳು. ಆಮೇಲೆ ಕೈ." ಅಂಕುಡೊಂಕು ಹಾಗೇ ಇದೆ, ತಿದ್ದಲಿಲ್ಲ. ಆ ಕೊಯ್ಲಿನಲ್ಲೂ ಆಮೇಲಿನ ಕೊಯ್ಲಿನಲ್ಲೂ ನನ್ನ ಮಷೀನಿನಿಂದ ಯಾರ ಕೈಗೂ ಏನೂ ಆದ ಸುದ್ದಿ ಬರಲಿಲ್ಲ. ಫೋನ್ ರಿಂಗಾದಾಗೆಲ್ಲ ಎದೆ ಧಸಕ್ಕೆನ್ನುವುದು ಮಾತ್ರ ನಿಂತಿಲ್ಲ.

ಎರಡು ವರ್ಷ ಅವರು ನನ್ನ ಪರೀಕ್ಷೆಯ ಮೇಷ್ಟ್ರಾಗಿದ್ದರು. ಸೈಟಿಗೆ ಯಾವ ಹೊಸ ವಿಡಿಯೋ ಹಾಕಿದರೂ ತೊಟ್ಟಿಯ ಮೂಲೆಯಿಂದ ಫೋನ್ ಬರುತ್ತಿತ್ತು. "ಎರಡು ಹೆಸ್ರು. ಪರ್ವಾಗಿಲ್ಲ." ಇಲ್ಲವೇ, "ಒಂಬತ್ತು ಹೆಸ್ರು. ಮತ್ತೆ ತಲೆ ತಿರುಗ್ತಾ ನಿಂಗೆ?" ಕೊನೆಯವರೆಗೂ ಅದೇ ಹಳೇ ಫೋನ್ ಇಟ್ಟುಕೊಂಡಿದ್ದರು. ಹೊಸದು ಕೊಡಲು ಹೋದರೆ, "ಒಳ್ಳೇ ಫೋನಲ್ಲಿ ನಿನ್ ತಪ್ಪು ಕಾಣ್ಸಲ್ಲ ಮಾರಾಯ," ಅನ್ನುತ್ತಿದ್ದರು.

ಹೋದ ವರ್ಷ ಮೆಣಸು ಕೊಯ್ಲಿನ ಒಂದು ಬೆಳಿಗ್ಗೆ ಅವರ ನಂಬರಿನಿಂದ ಫೋನ್ ಬಂತು. "ಎಷ್ಟು ಹೆಸ್ರು ರೈಟ್ರೇ?" ಅಂದೆ ನಗುತ್ತಾ. ಆ ಕಡೆ ಲಚ್ಚಮ್ಮ ಇದ್ದಳು.

ಕಣದಲ್ಲಿ ನಿಂತು ಹಾಜರಿ ಕೂಗುತ್ತಿದ್ದರಂತೆ. ಒಂಬತ್ತನೇ ಹೆಸರಿಗೆ ನಿಂತರಂತೆ. ಸಾಲು ಮರೆತರು ಅಂತ ಎಲ್ಲರೂ ಕಾದರಂತೆ. ಆ ಮನುಷ್ಯ ಒಂದು ದಿನವೂ ಸಾಲು ಮರೆತವರಲ್ಲ. ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ನಾನು ಹೋದಾಗ ಸ್ಟೋರಿನ ಮುಂದೆ ಚಾಪೆಯ ಮೇಲೆ ಮಲಗಿಸಿದ್ದರು. ಬಲಗೈಯನ್ನು ಯಾರೋ ಪಂಚೆಯಿಂದ ಮುಚ್ಚಿದ್ದರು. ನಾನು ಪಂಚೆ ಸರಿಸಿದೆ.

ಅಲ್ಲಿಂದ ಎದ್ದು ತೊಟ್ಟಿಯ ಮೂಲೆಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಸಿಗ್ನಲ್ ಒಂದು ಕಡ್ಡಿಯೂ ಸರಿಯಾಗಿ ಇರಲಿಲ್ಲ. ಸೈಟ್ ತೆರೆದು, ಅವರ ಹಾಗೆಯೇ ಗಟ್ಟಿಯಾಗಿ, "ಲಚ್ಚಮ್ಮ," ಅಂದೆ. ಹಿಂದೆ ನಿಂತಿದ್ದ ಲಚ್ಚಮ್ಮ ಅಳುತ್ತಲೇ, "ಬಂದೆ," ಅಂದಳು, ಹಾಜರಿಗೆ ಅನ್ನುವ ಹಾಗೆ.

ಅಷ್ಟರಲ್ಲಿ ಫೋನಿನಲ್ಲಿ ಕೈ ಬಂದಿತ್ತು.